ಬಾಣಂತನ: ಹೆತ್ತವಳ ವಿಶ್ರಾಂತಿಯ ಸಾಮಾಜಿಕ ಇತಿಹಾಸ

ಮಗು ಹುಟ್ಟಿದ ಗಳಿಗೆಯಿಂದ ತಾಯಿಯ ಮೈ ಮತ್ತೆ ಹದಕ್ಕೆ ಬರುವವರೆಗಿನ ಅವಧಿಯನ್ನೂ ಆ ಅವಧಿಯಲ್ಲಿ ಆಕೆಗೂ ಕೂಸಿಗೂ ಸಲ್ಲುವ ಆರೈಕೆಯನ್ನೂ ಕನ್ನಡನಾಡಿನಲ್ಲಿ ಬಾಣಂತನ ಎಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿ. ಈ ಅವಧಿ ಒಂದರೊಳಗೊಂದು ಅಡಕವಾದ ಮೂರು ಸುತ್ತುಗಳಲ್ಲಿ ಸಾಗುತ್ತದೆ: ಪುರುಡು ಎನಿಸಿದ ಹೆರಿಗೆ ಮೈಲಿಗೆಯ ಮೊದಲ ಹತ್ತು ದಿನ, ಪಥ್ಯ ಮತ್ತು ಎಣ್ಣೆನೀರಿನ ನಲವತ್ತು ನಲವತ್ತೈದು ದಿನ, ತವರಿನಲ್ಲಿ ಉಳಿಯುವ ಮೂರು ಅಥವಾ ಐದು ತಿಂಗಳು. ಈ ಪದ್ಧತಿಯನ್ನು ಋಷಿಗಳ ಕಾಲದಿಂದ ಬದಲಾಗದೆ ಬಂದ ಸಂಪ್ರದಾಯವೆಂದು ಹೊಗಳುವವರಿದ್ದಾರೆ, ಮೂಢನಂಬಿಕೆಗಳ ಮೊತ್ತವೆಂದು ತಳ್ಳಿಹಾಕುವವರೂ ಇದ್ದಾರೆ. ಅದರ ಇತಿಹಾಸವನ್ನು ಬಿಡಿಸಿ ನೋಡಿದರೆ ಎರಡು ಮಾತೂ ನಿಲ್ಲುವುದಿಲ್ಲ. ವೈದ್ಯಶಾಸ್ತ್ರ, ಮಡಿಮೈಲಿಗೆಯ ನಿಯಮ, ಮನೆಯ ಹೆಂಗಸರ ಅನುಭವ, ಆಸ್ಪತ್ರೆ, ಕಾರ್ಮಿಕ ಕಾನೂನು ಎಂಬ ಬೇರೆಬೇರೆ ಮೂಲಗಳಿಂದ ಬಂದ ಪದರಗಳು ಬಾಣಂತನದಲ್ಲಿ ಕೂಡಿಕೊಂಡಿವೆ, ಮತ್ತು ಪ್ರತಿಯೊಂದು ಕಾಲವೂ ಅದಕ್ಕೆ ತನ್ನದೇ ಆದ ಕಾರಣವನ್ನು ಕೊಟ್ಟಿದೆ. ಕಾರಣಗಳು ಬದಲಾದರೂ ಅವೆಲ್ಲದರ ತಳದಲ್ಲಿ ಒಂದೇ ಪ್ರಶ್ನೆ ಉಳಿದುಬಂದಿದೆ: ಹೆತ್ತವಳು ಮಲಗಿರುವಷ್ಟು ದಿನ ಅವಳ ಪಾಲಿನ ದುಡಿಮೆಯನ್ನು ಯಾರು ಹೊರಬೇಕು, ಅದರ ಖರ್ಚನ್ನು ಯಾರು ಕೊಡಬೇಕು?

ಇತಿಹಾಸಕ್ಕೆ ಹೋಗುವ ಮುನ್ನ ದೇಹದ ಲೆಕ್ಕವನ್ನು ಗಮನಿಸುವುದು ಒಳ್ಳೆಯದು, ಏಕೆಂದರೆ ಪದ್ಧತಿ ಇಟ್ಟುಕೊಂಡ ದಿನಗಳಲ್ಲಿ ಹಲವು ಈ ಲೆಕ್ಕಕ್ಕೆ ಹೊಂದಿಕೊಂಡಿವೆ. ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶವು ಆರು ವಾರಗಳಲ್ಲಿ ಕುಗ್ಗಿ ನೂರು ಗ್ರಾಮಿಗಿಂತ ಕಡಿಮೆ ತೂಕಕ್ಕೆ ಇಳಿಯುತ್ತದೆ. ಮೊದಲು ಕೆಂಪಾಗಿ, ಆಮೇಲೆ ಕಂದಾಗಿ, ಕೊನೆಗೆ ಬೆಳ್ಳಗೆ ಹೋಗುವ ಸ್ರಾವವು ನಾಲ್ಕರಿಂದ ಆರು ವಾರ ನಡೆಯುತ್ತದೆ. ಮೊದಲ ದಿನಗಳಲ್ಲಿ ಹಳದಿ ಬಣ್ಣದ ಗಟ್ಟಿ ಹಾಲು ಸ್ವಲ್ಪಸ್ವಲ್ಪವೇ ಬರುತ್ತದೆ, ಎರಡರಿಂದ ನಾಲ್ಕನೆಯ ದಿನದೊಳಗೆ ಎದೆ ತುಂಬಿಕೊಳ್ಳುತ್ತದೆ. ಹುಟ್ಟಿದ ಮೇಲೆ ತುಸು ತೂಕ ಕಳೆದುಕೊಳ್ಳುವ ಮಗು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಅದನ್ನು ಮರಳಿ ಗಳಿಸುತ್ತದೆ. ಹೊಕ್ಕುಳಬಳ್ಳಿಯ ತುಂಡು ಒಂದೆರಡು ವಾರಗಳಲ್ಲಿ ಒಣಗಿ ಬೀಳುತ್ತದೆ. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ವೇಳೆಗೆ ಮೊದಲ ಗಂಡಾಂತರಗಳು ಬಹುಮಟ್ಟಿಗೆ ಕಳೆದಿರುತ್ತಿದ್ದವು.

ಶಾಸ್ತ್ರಗ್ರಂಥಗಳ ಸೂತಿಕೆ

ಆಯುರ್ವೇದದ ಹಳೆಯ ಸಂಹಿತೆಗಳು ಬಾಣಂತಿಯನ್ನು ಸೂತಿಕಾ ಎಂದೂ ಆಕೆ ಹೆತ್ತು ಮಲಗುವ ಕೋಣೆಯನ್ನು ಸೂತಿಕಾಗಾರ ಎಂದೂ ಕರೆಯುತ್ತವೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಈ ಕೋಣೆಯನ್ನು ಎಲ್ಲಿ ಕಟ್ಟಬೇಕು, ಅದರಲ್ಲಿ ಯಾವ ಯಾವ ಸಾಮಗ್ರಿ ಇರಬೇಕು, ಬೆಂಕಿಯನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬುದನ್ನು ವಿವರವಾಗಿ ಹೇಳಿ, ಹಲವು ಸಲ ಹೆತ್ತ ಅನುಭವವಿರುವ, ಮಮತೆಯುಳ್ಳ, ಕಷ್ಟ ಸಹಿಸಬಲ್ಲ ಹೆಂಗಸರು ಗರ್ಭಿಣಿಯ ಸುತ್ತ ಇರಬೇಕೆಂದು ವಿಧಿಸುತ್ತದೆ. ಹೆರಿಗೆಯ ನಂತರ ಹಸಿವಾದಾಗ ಹಿಪ್ಪಲಿ, ಹಿಪ್ಪಲಿಬೇರು, ಶುಂಠಿ ಮೊದಲಾದ ಐದು ಖಾರದ್ರವ್ಯಗಳ ಪುಡಿ ಸೇರಿಸಿದ ತುಪ್ಪವನ್ನೋ ಎಣ್ಣೆಯನ್ನೋ ಜೀರ್ಣವಾಗುವಷ್ಟು ಕುಡಿಸಿ, ಹೊಟ್ಟೆಗೆ ಎಣ್ಣೆ ತುಪ್ಪ ಹಚ್ಚಿ, ದೊಡ್ಡ ಬಟ್ಟೆಯಿಂದ ಬಿಗಿದು ಕಟ್ಟಬೇಕು, ಕುಡಿದದ್ದು ಅರಗಿದ ಮೇಲೆ ತೆಳುವಾದ ಗಂಜಿ ಕೊಡಬೇಕು, ಹೊತ್ತುಹೊತ್ತಿಗೆ ಬಿಸಿನೀರೆರೆಯಬೇಕು, ಐದೋ ಏಳೋ ರಾತ್ರಿ ಹೀಗೆ ನಡೆದ ಮೇಲೆ ಕ್ರಮಕ್ರಮವಾಗಿ ಪುಷ್ಟಿಯ ಆಹಾರಕ್ಕೆ ಬರಬೇಕು. ಇದಕ್ಕೆ ಶಾಸ್ತ್ರ ಕೊಡುವ ಕಾರಣ ವಾತ: ಮಗು ಹೊರಬಂದಾಗ ಹೊಟ್ಟೆಯಲ್ಲಿ ಉಂಟಾಗುವ ತೆರವಿನಲ್ಲಿ ದೇಹದ ಚಲನೆಗೆ ಕಾರಣವಾದ ಆ ದೋಷವು ಸೇರಿಕೊಂಡು ಕೆರಳದಂತೆ ಬಟ್ಟೆಯ ಬಿಗಿತ, ಸ್ನೇಹ ಮತ್ತು ಶಾಖ ತಡೆಯುತ್ತವೆ ಎಂಬುದು ಅದರ ತರ್ಕ. ಬಾಣಂತಿಗೆ ವಾಯು ಆಗಬಾರದು, ಶೀತ ತಾಗಬಾರದು ಎಂದು ಇಂದಿಗೂ ಹಿರಿಯ ಹೆಂಗಸರು ಹೇಳುವ ಮಾತು ಈ ತರ್ಕದ ಮನೆಮಾತಿನ ರೂಪ.

ಸುಶ್ರುತಸಂಹಿತೆಯಲ್ಲಿ ಬಾಣಂತನದ ಅವಧಿ ಇನ್ನೂ ಸ್ಪಷ್ಟವಾಗಿದೆ. ಒಂದೂವರೆ ತಿಂಗಳು ಈ ಕಟ್ಟುಪಾಡಿನಲ್ಲಿ ಇದ್ದವಳು ಸೂತಿಕಾ ಎಂಬ ಹೆಸರಿನಿಂದ ಬಿಡುಗಡೆ ಹೊಂದುತ್ತಾಳೆ ಎಂದು ಹೇಳುವ ಆ ಗ್ರಂಥ, ಮತ್ತೆ ಮುಟ್ಟು ಕಾಣಿಸಿಕೊಳ್ಳುವವರೆಗೂ ಆ ಸ್ಥಿತಿ ಮುಂದುವರಿಯುತ್ತದೆ ಎಂಬ ಬೇರೊಂದು ಮತವನ್ನೂ ದಾಖಲಿಸುತ್ತದೆ. ಇಂದಿನ ವೈದ್ಯರು ಹೇಳುವ ಆರು ವಾರ ಮತ್ತು ಮನೆಗಳಲ್ಲಿ ಎಣಿಸುವ ನಲವತ್ತೈದು ದಿನ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುವುದು ಹೀಗೆ. ಮೊದಲ ದಿನಗಳ ಗಂಜಿಯ ನಂತರ ಬಾರ್ಲಿ, ಬೋರೆಹಣ್ಣು, ಹುರುಳಿ ಸೇರಿಸಿ ಬೇಯಿಸಿದ ಕಾಡುಪ್ರಾಣಿಗಳ ಮಾಂಸರಸದೊಂದಿಗೆ ಅನ್ನ ಕೊಡಬೇಕೆಂದು ಸುಶ್ರುತ ಹೇಳುತ್ತಾನೆ. ಮೊದಲ ಹಾಲಿನ ವಿಷಯದಲ್ಲಿ ಗ್ರಂಥಗಳಿಗೆ ಒಮ್ಮತವಿಲ್ಲ: ಮಂತ್ರಿಸಿದ ಜೇನು ಮತ್ತು ತುಪ್ಪವನ್ನು ನೆಕ್ಕಿಸಿದ ಮೇಲೆ ಬಲಗಡೆಯ ಮೊಲೆಯನ್ನು ಮೊದಲು ಕೊಡಬೇಕೆಂದು ಚರಕಸಂಹಿತೆ ಹೇಳಿದರೆ, ಹಾಲು ಇಳಿಯುವುದು ಮೂರು ನಾಲ್ಕು ರಾತ್ರಿಗಳ ಮೇಲೆ ಎಂದು ಎಣಿಸಿದ ಸುಶ್ರುತಸಂಹಿತೆ ಅಲ್ಲಿಯವರೆಗೆ ಜೇನು, ತುಪ್ಪ ಮುಂತಾದವನ್ನೇ ಮುಂದಿಡುತ್ತದೆ. ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಸಕ್ಕರೆನೀರನ್ನೋ ಜೇನನ್ನೋ ಒಳಲೆಯಲ್ಲಿ, ಅಂದರೆ ಮೂತಿ ಚೂಪಾದ ಪುಟ್ಟ ಪಾತ್ರೆಯಲ್ಲಿ, ಕುಡಿಸುವ ರೂಢಿ ಇತ್ತೀಚಿನವರೆಗೂ ಹಳ್ಳಿಗಳಲ್ಲಿ ಉಳಿದಿತ್ತು. ಸೋಂಕಿನಿಂದ ಕಾಪಾಡುವ ಅಂಶಗಳು ಆ ಮೊದಲ ಹಾಲಿನಲ್ಲಿಯೇ ಹೇರಳವಾಗಿರುವುದರಿಂದ ವೈದ್ಯರು ಬಹುಕಾಲ ಹೋರಾಡಬೇಕಾದ ರೂಢಿ ಇದು.

ಕನ್ನಡದಲ್ಲಿ ವೈದ್ಯಗ್ರಂಥಗಳು ಹುಟ್ಟಿದಾಗ ಈ ವಿದ್ಯೆ ಸ್ಥಳೀಯ ಬಣ್ಣ ಪಡೆಯಿತು. 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು ಜೈನಧರ್ಮದ ಅಹಿಂಸಾದೃಷ್ಟಿಗೆ ತಕ್ಕಂತೆ ಮದ್ಯಮಾಂಸಗಳನ್ನು ಬಿಟ್ಟ ಚಿಕಿತ್ಸೆಯನ್ನು ಹೇಳಿತು. ಸುಮಾರು 1200ರ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯು ಎಳೆಯ ಮಕ್ಕಳನ್ನು ಕಾಡುವ ವ್ಯಾಧಿಗಳಿಗೇ ಮೀಸಲಾಯಿತು. ಒಂದು ಮನೆಯಲ್ಲಿ ನಾಟಿಕೋಳಿಯ ಸಾರು, ಇನ್ನೊಂದರಲ್ಲಿ ಮೆಂತ್ಯದ ಗಂಜಿ ಬಾಣಂತಿಯ ಬಲವರ್ಧನೆಗೆ ನಿಂತಿರುವುದಕ್ಕೆ ಜಾತಿ ಮತ್ತು ಧರ್ಮದ ಕಾರಣಗಳಿವೆ, ಆದರೆ ಆ ಭೇದ ವೈದ್ಯಗ್ರಂಥಗಳ ಮಟ್ಟದಲ್ಲೂ ಅಷ್ಟು ಹಿಂದೆಯೇ ಮೂಡಿತ್ತೆಂಬುದು ಗಮನಾರ್ಹ.

ಸಂಹಿತೆಗಳ ಈ ವಿಧಿಗಳನ್ನು ಓದುವಾಗ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಪ್ರತ್ಯೇಕ ಕೋಣೆ, ಮುಗಿಯದ ಸೌದೆ, ಕಡಾಯಿ ತುಂಬ ತುಪ್ಪ, ಸುತ್ತ ನಾಲ್ಕು ಹೆಂಗಸರು ಇರುವ ಸ್ಥಿತಿವಂತರ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವು ಬರೆಯಲ್ಪಟ್ಟಿವೆ. ಹೊಲದಲ್ಲಿ ಕಳೆ ಕೀಳುವವಳು ಒಂದೂವರೆ ತಿಂಗಳು ಹೇಗೆ ಮಲಗಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಪುರುಡಿನ ದಿನಗಳು

ವೈದ್ಯದ ತರ್ಕಕ್ಕೆ ಸಮಾನಾಂತರವಾಗಿ, ಕೆಲವೊಮ್ಮೆ ಅದಕ್ಕೆ ವಿರುದ್ಧವಾಗಿ, ಮೈಲಿಗೆಯ ತರ್ಕ ನಡೆದುಬಂದಿದೆ. ಧರ್ಮಶಾಸ್ತ್ರಗಳು ಜನನದಿಂದ ಬರುವ ಅಶೌಚವನ್ನು ಮರಣದ ಸೂತಕದ ಜೊತೆಗೇ ಇಟ್ಟು ದಿನಗಳನ್ನು ಎಣಿಸಿದವು. ರೂಢಿಯಲ್ಲಿ ಹತ್ತು ದಿನಗಳ ಪುರುಡು ಕಳೆದು ಹನ್ನೊಂದನೆಯ ದಿನ ಪುಣ್ಯಾಹವಾಗುವವರೆಗೆ ಬಾಣಂತಿ ಅಡುಗೆಮನೆಗೂ ದೇವರ ಕೋಣೆಗೂ ಕಾಲಿಡುವಂತಿರಲಿಲ್ಲ. ಈ ನಿಷೇಧದಿಂದ ಒಂದು ಪ್ರಯೋಜನವಂತೂ ಇತ್ತು: ಯಾವ ಅತ್ತೆಯೂ ಆಕೆಯನ್ನು ಒಲೆಯ ಮುಂದೆ ಕೂರಿಸಲಾಗುತ್ತಿರಲಿಲ್ಲ, ನೀರು ಸೇದಲು ಕಳಿಸಲಾಗುತ್ತಿರಲಿಲ್ಲ. ವಿಶ್ರಾಂತಿಯನ್ನು ಹಕ್ಕೆಂದು ಕೇಳಲಾಗದ ಹೆಣ್ಣಿಗೆ ಅಸ್ಪೃಶ್ಯತೆಯ ವೇಷದಲ್ಲಿ ಅದು ದೊರಕಿತು, ಆದರೆ ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಗಾಳಿಬೆಳಕಿಲ್ಲದ ಮೂಲೆಯ ಕೋಣೆ, ಹಳೆಯ ಚಾಪೆ, ಎಸೆಯಲು ಇಟ್ಟಿದ್ದ ಹರಕು ಬಟ್ಟೆ ಬಹಳಷ್ಟು ಮನೆಗಳಲ್ಲಿ ಆಕೆಯ ಪಾಲಾಗುತ್ತಿದ್ದವು, ಮತ್ತು ನಂಜು ಏರಲು ಅಷ್ಟೇ ಸಾಕಾಗುತ್ತಿತ್ತು.

ಈ ಮೈಲಿಗೆಯನ್ನು ಒಪ್ಪದ ದನಿಯೂ ಕನ್ನಡನಾಡಿನಲ್ಲಿಯೇ ಎದ್ದಿತು. 12ನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಲಿಂಗವನ್ನು ಧರಿಸಿದವರಿಗೆ ಸೂತಕವಿಲ್ಲ ಎಂಬ ಆ ನಿಲುವಿನ ಪ್ರಕಾರ ಹೆತ್ತವಳು ಪೂಜೆಯಿಂದ ದೂರ ನಿಲ್ಲಬೇಕಾಗಿಲ್ಲ. ಆಚರಣೆಯಲ್ಲಿ ಈ ನಿಲುವು ಎಲ್ಲೆಡೆ ಒಂದೇ ಬಗೆಯಾಗಿ ಉಳಿಯಲಿಲ್ಲ, ಆದರೆ ಬಾಣಂತನದ ಆರೈಕೆಯನ್ನು ಉಳಿಸಿಕೊಂಡು ಅದರ ಮೈಲಿಗೆಯನ್ನು ಬಿಡಬಹುದೆಂಬ ಆಲೋಚನೆ ಎಂಟುನೂರು ವರ್ಷಗಳ ಹಿಂದೆಯೇ ಇಲ್ಲಿ ಸಾಧ್ಯವಾಗಿತ್ತು. ಇದರ ಇನ್ನೊಂದು ತುದಿಯಲ್ಲಿ ಕಾಡುಗೊಲ್ಲರ ಹಟ್ಟಿಗಳ ರೂಢಿಯಿದೆ. ತುಮಕೂರು, ಚಿತ್ರದುರ್ಗ ಭಾಗದ ಈ ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇತ್ತೀಚಿನವರೆಗೂ ಉಳಿದುಬಂದಿದ್ದು, ಅದಕ್ಕೆ ಪರ್ಯಾಯವಾಗಿ ಸರ್ಕಾರವು ಕೃಷ್ಣಕುಟೀರಗಳೆಂಬ ಕಟ್ಟಡಗಳನ್ನು ಕಟ್ಟಿಸಿತು. ಮುಟ್ಟಾದ ಹಾಗೂ ಗರ್ಭಿಣಿ ಹೆಂಗಸರನ್ನು ಪ್ರತ್ಯೇಕಿಸುವುದನ್ನು 2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧ ಕಾಯ್ದೆ ಅಪರಾಧಗಳ ಪಟ್ಟಿಗೆ ಸೇರಿಸಿದರೂ, 2023ರಲ್ಲಿ ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ಮಳೆಚಳಿಯಲ್ಲಿ ತೀರಿಕೊಂಡ ಸುದ್ದಿ ರಾಜ್ಯವನ್ನೇ ಕಲಕಿತು.

ಪುರುಡಿನ ನಡುವೆ ಬರುವ ಐದನೆಯ ಅಥವಾ ಆರನೆಯ ದಿನದ ಆಚರಣೆಗೆ ಇತಿಹಾಸದ ದೃಷ್ಟಿಯಿಂದ ವಿಶೇಷ ಮಹತ್ವವಿದೆ. ಉತ್ತರ ಕರ್ನಾಟಕದಲ್ಲಿ ಸಟವಿ, ಶೆಟಿವಿ ಎಂದೆಲ್ಲ ಕರೆಯಲಾಗುವ ಷಷ್ಠೀದೇವಿಯು ಆ ರಾತ್ರಿ ಬಂದು ಕೂಸಿನ ಹಣೆಯಲ್ಲಿ ಬರಹ ಬರೆಯುತ್ತಾಳೆಂಬ ನಂಬಿಕೆಯಿದ್ದು, ಮನೆಯವರು ದೀಪ ಆರದಂತೆ ಕಾಯುತ್ತ ಎಚ್ಚರವಿರುತ್ತಿದ್ದರು. ಹೊಲಸು ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕತ್ತರಿಸಿದಾಗ, ಗಾಯಕ್ಕೆ ಸಗಣಿ ಬೂದಿ ಮೆತ್ತಿದಾಗ ಬರುವ ಹಸುಗೂಸಿನ ಧನುರ್ವಾಯು ಸಾಮಾನ್ಯವಾಗಿ ಮೊದಲ ವಾರದ ಕೊನೆಗೆ, ಆರರಿಂದ ಎಂಟನೆಯ ದಿನದ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗುವಿನ ದವಡೆ ಬಿಗಿದು, ಮೈ ಬಿಲ್ಲಿನಂತೆ ಸೆಟೆದು, ಒಂದೆರಡು ದಿನದಲ್ಲಿ ಸಾಯುತ್ತಿತ್ತು. ಆ ದಿನಕ್ಕೇ ಒಬ್ಬ ದೇವತೆಯನ್ನು ನಿಲ್ಲಿಸಿದ ಸಮಾಜಕ್ಕೆ ಕಾಯಿಲೆಯ ಕಾರಣ ತಿಳಿಯದಿದ್ದರೂ ಅದು ಬರುವ ವೇಳೆ ತಿಳಿದಿತ್ತೆಂದು ಊಹಿಸಬಹುದು. ಗರ್ಭಿಣಿಯರಿಗೆ ಚುಚ್ಚುಮದ್ದು ಮತ್ತು ಶುದ್ಧವಾದ ಬ್ಲೇಡು ಬಂದ ಮೇಲೆ ಈ ಸಾವುಗಳು ಇಳಿಮುಖವಾಗಿ, 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿರ್ಮೂಲವಾಗಿದೆಯೆಂದು ಅಧಿಕೃತವಾಗಿ ಘೋಷಿತವಾಯಿತು.

ಬಚ್ಚಲು ಮತ್ತು ಅಡುಗೆಮನೆ

ಶಾಸ್ತ್ರ ಮತ್ತು ಮೈಲಿಗೆಗಳು ಬಾಣಂತನಕ್ಕೆ ಚೌಕಟ್ಟು ಕೊಟ್ಟರೂ ಅದನ್ನು ದಿನದಿನವೂ ನಡೆಸಿದವರು ಮನೆಯ ಹಿರಿಯ ಹೆಂಗಸರು ಮತ್ತು ಸೂಲಗಿತ್ತಿಯರು. ಸೂಲಗಿತ್ತಿ ಎಂದರೆ ಹೆರಿಗೆ ಮಾಡಿಸುವವಳು ಮಾತ್ರವಲ್ಲ. ಬಹಳ ಕಡೆ ಪುರುಡು ಕಳೆಯುವವರೆಗೆ, ಕೆಲವು ಕಡೆ ತಿಂಗಳು ತುಂಬುವವರೆಗೆ ದಿನವೂ ಬಂದು ತಾಯಿಮಗುವಿಗೆ ನೀರೆರೆದು ಹೋಗುವುದು ಅವಳ ಕೆಲಸವಾಗಿತ್ತು. ಆ ನೀರು ಸಾಮಾನ್ಯ ಸ್ನಾನವಲ್ಲ. ಬಚ್ಚಲ ಹಂಡೆಯಲ್ಲಿ ನೀರು ಮರಳುವ ಹೊತ್ತಿಗೆ ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ, ಬೆನ್ನು, ಸೊಂಟ, ತೊಡೆಗಳಿಗೆ ಬಿಸಿ ಎಣ್ಣೆ ತಿಕ್ಕಿ, ತಡೆಯುವಷ್ಟು ಬಿಸಿಯ ನೀರನ್ನು ತಂಬಿಗೆಯಿಂದ ಸೊಂಟಕ್ಕೂ ಕಿಬ್ಬೊಟ್ಟೆಗೂ ಬೀಸಿ ಹುಯ್ಯುತ್ತಿದ್ದರು. ಸೀಗೆಕಾಯಿ, ಕಡಲೆಹಿಟ್ಟು, ಅರಿಶಿನ ಹಚ್ಚಿ ತೊಳೆದ ಮೇಲೆ ಕಂಬಳಿ ಹೊದಿಸಿ ಬೆವರಿಳಿಯುವವರೆಗೆ ಮಲಗಿಸಿ, ಕೆಂಡಕ್ಕೆ ಸಾಂಬ್ರಾಣಿಯನ್ನೋ ಲೋಬಾನವನ್ನೋ ಉದುರಿಸಿ ಕೂದಲಿಗೆ ಹೊಗೆ ಕೊಟ್ಟು, ಸೊಂಟಕ್ಕೆ ಹಳೆಯ ಸೀರೆ ಬಿಗಿದು, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತುತ್ತಿದ್ದರು. ಕೂಸನ್ನು ಎರೆಯುವವಳು ಎರಡೂ ಕಾಲು ಚಾಚಿ, ಅದನ್ನು ಕಾಲುಗಳ ಮೇಲೆ ಮೊದಲು ಬೆನ್ನ ಮೇಲೆ, ಆಮೇಲೆ ಹೊಟ್ಟೆಯ ಮೇಲೆ ಮಲಗಿಸಿ ಎಣ್ಣೆ ನೀವುತ್ತಿದ್ದಳು. ನೀರು ಮುಗಿದ ಮೇಲೆ ಕುಲಾವಿ ತೊಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಮಗು ಹೊತ್ತುಗಟ್ಟಲೆ ನಿದ್ದೆಹೋಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಟ್ಟು ಕಾಸುವ ರೂಢಿಯಿತ್ತು. ಈ ಶಾಖ ಮೈನೋವನ್ನು ಇಳಿಸುತ್ತಿದ್ದುದು ನಿಜ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಾನಿಲ ಮತ್ತು ಹೊಗೆ ತಾಯಿಮಗುವಿನ ಉಸಿರಿಗೆ ಅಪಾಯವಾಗುತ್ತಿದ್ದುದೂ ನಿಜ.

ಅಡುಗೆಮನೆಯ ಪಾಲು ಇದಕ್ಕಿಂತ ಕಡಿಮೆಯದಲ್ಲ. ಉತ್ತರದ ಜಿಲ್ಲೆಗಳಲ್ಲಿ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಸೇರಿಸಿ ಕಟ್ಟುವ ಅಂಟಿನುಂಡೆ, ಹಾಲು ಹೆಚ್ಚಿಸುವುದೆಂದು ನಂಬಲಾದ ಆಳ್ವಿಯ ಪಾಯಸ. ಹಳೆಯ ಮೈಸೂರಿನಲ್ಲಿ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು, ಮಾಂಸ ತಿನ್ನುವವರಲ್ಲಿ ನಾಟಿಕೋಳಿ. ಕರಾವಳಿಯಲ್ಲಿ ಮೆಂತೆಯ ಗಂಜಿ ಮತ್ತು ಶುಂಠಿ, ಮೆಣಸು, ಓಮ, ಹಿಪ್ಪಲಿಗಳ ಲೇಹ್ಯ. ಹೀಗೆ ಸೀಮೆಸೀಮೆಗೂ ಪಟ್ಟಿ ಬೇರೆ. ಬಾಣಂತಿ ಖಾರ ಎಂದು ಒಟ್ಟಾಗಿ ಕರೆಯಲಾಗುವ ಈ ಪುಡಿಗಳಲ್ಲಿ ಹಿಪ್ಪಲಿಯೂ ಶುಂಠಿಯೂ ತಪ್ಪದೆ ಬರುವುದು ಚರಕನ ಪಟ್ಟಿಯನ್ನು ನೆನಪಿಸುತ್ತದೆ, ಆದರೆ ಅಂಟು, ಕೊಬ್ಬರಿ, ಉತ್ತತ್ತಿಗಳು ಆ ಪ್ರದೇಶದ ಸಂತೆ ಮತ್ತು ವ್ಯಾಪಾರಗಳು ಕೊಟ್ಟವು. ಇದರ ಎದುರಿಗೆ ನಿಷೇಧಗಳ ಪಟ್ಟಿಯೂ ಅಷ್ಟೇ ಉದ್ದವಿತ್ತು: ನಂಜು, ಶೀತ, ವಾಯು ಎಂದು ಹಲವು ತರಕಾರಿ, ಹಣ್ಣು, ಬೇಳೆಗಳನ್ನು ದೂರವಿಡುವುದು, ಹೊಟ್ಟೆ ಬರುತ್ತದೆಂದು ಕುಡಿಯುವ ನೀರಿಗೂ ಮಿತಿ ಹಾಕುವುದು ಸಾಮಾನ್ಯವಾಗಿತ್ತು.

ಈ ಶ್ರಮಕ್ಕೆ ಸಂದ ಪ್ರತಿಫಲದಲ್ಲಿ ಸಮಾಜದ ಏಣಿ ಸ್ಪಷ್ಟವಾಗಿ ಕಾಣುತ್ತದೆ. ಸೂಲಗಿತ್ತಿಯರಲ್ಲಿ ಬಹಳ ಮಂದಿ ಕೆಳಜಾತಿಗಳೆಂದು ಎಣಿಸಲಾದ ಸಮುದಾಯಗಳಿಂದ ಬಂದವರು. ರಕ್ತವನ್ನೂ ಮಾಸವನ್ನೂ ಮುಟ್ಟುವ ಕೆಲಸ ಮೈಲಿಗೆಯದೆಂದು ಅವರಿಗೆ ಬಿಟ್ಟ ಮನೆಗಳೇ ಪುರುಡಿನ ಹತ್ತು ದಿನ ತಮ್ಮ ಮಗಳ ಜೀವವನ್ನು ಅವರ ಕೈಯಲ್ಲಿಡುತ್ತಿದ್ದವು, ಕೊನೆಗೆ ಅಕ್ಕಿ, ರಾಗಿ, ಎಲೆಅಡಿಕೆ, ಒಂದು ಸೀರೆ ಕೊಟ್ಟು ಕಳಿಸುತ್ತಿದ್ದವು. ಈ ವಿದ್ಯೆಗೆ ರಾಷ್ಟ್ರಮಟ್ಟದ ಮನ್ನಣೆ ಬಂದದ್ದು ಬಹಳ ತಡವಾಗಿ: ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ, ಅಜ್ಜಿಯಿಂದ ಕಸುಬು ಕಲಿತು ಸಾವಿರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅನ್ಯರಿಗೆ ಬಾಣಂತನ ಮಾಡಿದ ಹೆಂಗಸರಿಗೆ, ಕೂಲಿಯ ಮನೆಗಳ ಹೆಂಗಸರಿಗೆ ತಮ್ಮ ಸರದಿಯಲ್ಲಿ ಅಂಟಿನುಂಡೆಯೂ ಇರಲಿಲ್ಲ, ನಲವತ್ತು ದಿನವೂ ಇರಲಿಲ್ಲ. ಒಂದೆರಡು ವಾರದಲ್ಲಿ ಕೂಸನ್ನು ಬದುವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಹಾಕಿ ಕೆಲಸಕ್ಕೆ ಇಳಿಯಬೇಕಿತ್ತು. ಮೊದಲ ಹೆರಿಗೆ ತವರಿನಲ್ಲಿ ಎಂಬ ನಿಯಮವನ್ನೂ ಇದೇ ಬೆಳಕಿನಲ್ಲಿ ನೋಡಬೇಕು: ಸೊಸೆಯ ದುಡಿಮೆಯ ಲಾಭ ಗಂಡನ ಮನೆಗೆ, ಅವಳು ದುಡಿಯಲಾಗದ ತಿಂಗಳುಗಳ ಖರ್ಚು ತಾಯಿಮನೆಗೆ ಎಂಬ ಹಂಚಿಕೆ ಅದರಲ್ಲಿ ಅಡಗಿತ್ತು. ಗಂಡನ ಪಾತ್ರ ತೊಟ್ಟಿಲ ಶಾಸ್ತ್ರಕ್ಕೆ ನೆಂಟನಂತೆ ಬಂದು ಹೋಗುವುದಕ್ಕೆ ಸೀಮಿತವಾಗಿತ್ತು.

ನಂಜು, ಸನ್ನಿ ಮತ್ತು ಆಸ್ಪತ್ರೆ

ಬಾಣಂತಿಯರ ಸಾವಿಗೆ ಜನ ಎರಡು ಹೆಸರು ಇಟ್ಟಿದ್ದರು: ಬಾಣಂತಿ ನಂಜು ಮತ್ತು ಬಾಣಂತಿ ಸನ್ನಿ. ಮೊದಲನೆಯದು ಗರ್ಭಕೋಶಕ್ಕೆ ತಗಲಿದ ಸೋಂಕು ರಕ್ತಕ್ಕೆ ಹರಡಿ ಬರುವ ಜ್ವರ. ಎರಡನೆಯದರಲ್ಲಿ ಆ ಜ್ವರದ ಬಡಬಡಿಕೆ, ರಕ್ತದೊತ್ತಡದಿಂದ ಬರುವ ಸೆಳವು, ಹೆರಿಗೆಯ ನಂತರದ ತೀವ್ರ ಮನೋರೋಗ ಮೂರೂ ಒಂದೇ ಹೆಸರಿನಡಿ ಬೆರೆತಿದ್ದವು. ಯುರೋಪಿನ ದೊಡ್ಡ ಆಸ್ಪತ್ರೆಗಳೂ ಈ ನಂಜಿನಿಂದ ಹೊರತಾಗಿರಲಿಲ್ಲ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುವ ವೈದ್ಯರ ವಿಭಾಗದಲ್ಲಿ ಸೂಲಗಿತ್ತಿಯರ ವಿಭಾಗಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿರುವುದನ್ನು ಗಮನಿಸಿದ ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಕೈ ತೊಳೆಯುವುದನ್ನು ಕಡ್ಡಾಯ ಮಾಡಿ ಸಾವುಗಳನ್ನು ಇಳಿಸಿದನು, ಆದರೆ ಅವನ ಮಾತು ಒಪ್ಪಿಗೆಯಾಗಲು ದಶಕಗಳೇ ಹಿಡಿದವು.

ಭಾರತದಲ್ಲಿ ಬ್ರಿಟಿಷ್ ಆಡಳಿತ ಈ ಪ್ರಶ್ನೆಗೆ ಬಂದದ್ದು ದಾನದ ದಾರಿಯಿಂದ. ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಒದಗಿಸಲು 1885ರಲ್ಲಿ ಡಫರಿನ್ ನಿಧಿ ಸ್ಥಾಪನೆಯಾಯಿತು. ಸಾಂಪ್ರದಾಯಿಕ ದಾಯಿಯರಿಗೆ, ಅಂದರೆ ಸೂಲಗಿತ್ತಿಯರಿಗೆ, ತರಬೇತಿ ಕೊಡಲು 1903ರಲ್ಲಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಬಂತು. ಈ ಕಾಲದ ವರದಿಗಳು ಕತ್ತಲ ಕೋಣೆ, ಕೊಳಕು ಬಟ್ಟೆಗಳನ್ನು ಕಟುವಾಗಿ ವರ್ಣಿಸಿ ಎಲ್ಲ ತಪ್ಪನ್ನೂ ದಾಯಿಯ ತಲೆಗೆ ಕಟ್ಟಿದವು. ಆಕೆ ಬಳಸಿದ ಕೋಣೆಯನ್ನೂ ಬಟ್ಟೆಯನ್ನೂ ಮನೆಯವರೇ ಆರಿಸಿ ಕೊಟ್ಟ ಸಂಗತಿ ಅವುಗಳಲ್ಲಿ ಹಿಂದೆ ಸರಿಯಿತು. ಮೈಸೂರು ಸಂಸ್ಥಾನದಲ್ಲಿ ಅರಮನೆಯ ಆಸಕ್ತಿಯಿಂದ ಹೆಂಗಸರ ಆಸ್ಪತ್ರೆಗಳು ಬೆಳೆದವು, ರಾಜಮಾತೆಯ ಹೆಸರಿನ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು. ಅದೇ ಹೊತ್ತಿಗೆ ಬಂದ ಸಲ್ಫಾ ಔಷಧಿಗಳು, ಆಮೇಲೆ ಪೆನಿಸಿಲಿನ್ ಬಾಣಂತಿ ನಂಜಿನ ಹಲ್ಲು ಕಿತ್ತವು. ಆದರೂ 1946ರ ಭೋರ್ ಸಮಿತಿಯ ಅಂದಾಜಿನ ಪ್ರಕಾರ ದೇಶದಲ್ಲಿ ಪ್ರತಿ ಸಾವಿರ ಜನನಕ್ಕೆ ಸುಮಾರು 20 ತಾಯಂದಿರು ಸಾಯುತ್ತಿದ್ದರು, ಅಂದರೆ ಲಕ್ಷಕ್ಕೆ 2,000; 2018–20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಆ ಸಂಖ್ಯೆ ಭಾರತಕ್ಕೆ 97ಕ್ಕೂ ಕರ್ನಾಟಕಕ್ಕೆ 69ಕ್ಕೂ ಇಳಿದಿದೆ.

ಆಸ್ಪತ್ರೆ ಜೀವ ಉಳಿಸಿತು, ಜೊತೆಗೆ ಬಾಣಂತನವನ್ನು ಎರಡು ತುಂಡು ಮಾಡಿತು. ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳ ಪ್ರಮಾಣ 2005–06ರಲ್ಲಿ ಸುಮಾರು ಶೇ 65 ಇದ್ದದ್ದು 2019–20ಕ್ಕೆ ಶೇ 97 ತಲುಪಿತು. ಆದರೆ ಸಹಜ ಹೆರಿಗೆಯಾದವಳು ಎರಡು ಮೂರು ದಿನಗಳಲ್ಲಿ ಮನೆಗೆ ಹೊರಡುತ್ತಾಳೆ, ಅತ್ತ ಸೂಲಗಿತ್ತಿ ಮನೆಮನೆಗೆ ಬರುವುದು ನಿಂತಿದೆ. ಮೂರನೆಯ ದಿನದಿಂದ ನಲವತ್ತೈದನೆಯ ದಿನದವರೆಗೆ ನೋಡುವವರಿಲ್ಲದ ಈ ತೆರವನ್ನು ತುಂಬಿದ್ದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ನಡೆದ ಪ್ರಯೋಗ. ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ಮನೆಗೇ ಕಳಿಸಿದರೆ ಹಸುಗೂಸುಗಳ ಸಾವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಹುದೆಂದು ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಯ ತಂಡ 1999ರಲ್ಲಿ ತೋರಿಸಿತು, ಮತ್ತು 2011ರಿಂದ ದೇಶದ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಿಂದ ಬಂದ ತಾಯಿಮಗುವನ್ನು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಹೋಗಿ ನೋಡುವ ವ್ಯವಸ್ಥೆ ಜಾರಿಗೆ ಬಂತು. ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ತಾಯಿಯ ಜ್ವರ ಮತ್ತು ಸ್ರಾವ ಇವು ಆಶಾ ನೋಡುವ ಸಂಗತಿಗಳು. ಗೌರವಧನದ ಮೇಲೆ ದುಡಿಯುವ ಆಕೆಯ ಸ್ಥಿತಿ ಹಿಂದಿನ ಸೂಲಗಿತ್ತಿಯ ಅಕ್ಕಿರಾಗಿಯ ಕೂಲಿಯಿಂದ ಎಷ್ಟು ದೂರ ಬಂದಿದೆ ಎಂಬುದು ಚರ್ಚೆಯ ವಿಷಯ.

ರಜೆಯ ಕಾನೂನು

ಮನೆಯೊಳಗಿನ ಪ್ರಶ್ನೆ ಕಾರ್ಖಾನೆಯ ಕಾಲದಲ್ಲಿ ಬೀದಿಗೆ ಬಂತು. ಹೆರಿಗೆಯ ನಂತರ ಆರು ವಾರ ಹೆಣ್ಣನ್ನು ಕೆಲಸಕ್ಕೆ ಹಚ್ಚಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ನಿರ್ಣಯಿಸಿತು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸುತ್ತ, ತಾಯಿಯ ವಿಶ್ರಾಂತಿ ಇಡೀ ನಾಡಿನ ಹಿತವಾದ್ದರಿಂದ ಅದರ ಹೊರೆಯನ್ನು ಬಹುಮಟ್ಟಿಗೆ ಸರ್ಕಾರ ಹೊರಬೇಕು, ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಪಾಲು ಕೊಡಬೇಕು ಎಂಬ ನಿಲುವು ತಳೆದರು. ತವರಿನ ಹೆಗಲ ಮೇಲಿದ್ದ ಖರ್ಚನ್ನು ಸಮಾಜಕ್ಕೆ ವರ್ಗಾಯಿಸಬೇಕೆಂಬ ಮಾತು ಶಾಸನದ ಭಾಷೆಯಲ್ಲಿ ಹೀಗೆ ಕೇಳಿಬಂತು. 1929ರಲ್ಲಿ ಮುಂಬಯಿ, 1934ರಲ್ಲಿ ಮದ್ರಾಸು, 1937ರಲ್ಲಿ ಮೈಸೂರು ಸಂಸ್ಥಾನ ಹೆರಿಗೆ ಸೌಲಭ್ಯ ಕಾನೂನುಗಳನ್ನು ಮಾಡಿದವು. ಇಡೀ ದೇಶಕ್ಕೆ ಅನ್ವಯಿಸಿದ 1961ರ ಕಾಯ್ದೆ 12 ವಾರಗಳ ಸಂಬಳ ಸಹಿತ ರಜೆಯನ್ನು ಕೊಟ್ಟು, ಹೆರಿಗೆಯ ನಂತರದ ಆರು ವಾರ ಕೆಲಸ ಕೊಡುವುದನ್ನೇ ನಿಷೇಧಿಸಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಐದು ತಿಂಗಳ ತವರುವಾಸಕ್ಕೆ ಸಾಲುವಷ್ಟು ಕಾಲ ಹೀಗೆ ಕಾನೂನಿನ ಪುಟಕ್ಕೆ ಬಂತಾದರೂ, ಅದರ ಪೂರ್ಣ ಲಾಭ ಸಿಕ್ಕುವುದು ನೋಂದಾಯಿತ ಸಂಸ್ಥೆಗಳಲ್ಲಿ ಸಂಬಳ ಪಡೆಯುವವರಿಗೆ ಮಾತ್ರ. ಹೊಲ, ಮನೆಗೆಲಸ, ಕಟ್ಟಡ ಕೂಲಿಯ ಹೆಂಗಸರಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿಯಂಥ ನೆರವೇ ಆಧಾರ.

ಕರ್ನಾಟಕ ಸರ್ಕಾರ ಈ ಅಂತರವನ್ನು ತನ್ನದೇ ರೀತಿಯಲ್ಲಿ ತುಂಬಲು ನೋಡಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆಂದು 2007ರಲ್ಲಿ ಬಂದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಹೊದಿಕೆ, ಸೋಪು, ಕೊಬ್ಬರಿ ಎಣ್ಣೆ, ಮಗುವಿನ ಸ್ವೆಟರು, ಟೋಪಿ, ಕಾಲುಚೀಲದ ಜೊತೆಗೆ ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇತ್ತು. ಚರಕಸಂಹಿತೆ ಸ್ಥಿತಿವಂತರ ಮನೆಗೆ ವಿಧಿಸಿದ ಬಟ್ಟೆಯನ್ನು ಆರೋಗ್ಯ ಇಲಾಖೆ ಚೀಲದಲ್ಲಿಟ್ಟು ಬಡವರ ಮನೆಗೆ ಕಳಿಸಿದ್ದು ಈ ಇತಿಹಾಸದ ಒಂದು ಅರ್ಥಪೂರ್ಣ ತಿರುವು. 2017ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲು ಹೊರಟಿತು. ಆದರೆ ಬಾಣಂತಿ ಮನೆಯಿಂದ ಹೊರಗೆ ಕಾಲಿಡಬಾರದೆಂಬ ರೂಢಿಯಿರುವ ಕಡೆ ಊಟಕ್ಕೆ ಅಂಗನವಾಡಿಗೆ ನಡೆದುಬರುವುದು ಸುಲಭವಿರಲಿಲ್ಲ.

ಪಥ್ಯದ ಮರುಪರಿಶೀಲನೆ

ಇಂದು ಬಾಣಂತನದಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆ ದಾರಿ ತೋರಿಸುತ್ತದೆ. ಕಳೆದ ದಶಕದಲ್ಲಿ ಬೆಂಗಳೂರಿನ ಮಕ್ಕಳ ಹೃದ್ರೋಗ ತಜ್ಞರ ಬಳಿಗೆ, ಹೆಚ್ಚಾಗಿ ಉತ್ತರದ ಜಿಲ್ಲೆಗಳಿಂದ, ಎರಡು ಮೂರು ತಿಂಗಳ ಶಿಶುಗಳು ಏದುಸಿರು ಬಿಡುತ್ತ, ಹಾಲು ಬಿಟ್ಟು, ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿದ ಸ್ಥಿತಿಯಲ್ಲಿ ಬರತೊಡಗಿದವು. ಈ ಮಕ್ಕಳು ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದವು, ತಾಯಂದಿರು ಪಥ್ಯದ ಹೆಸರಿನಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಸಾರಿನಂಥ ಕೆಲವೇ ಪದಾರ್ಥಗಳ ಮೇಲೆ ದಿನ ದೂಡುತ್ತಿದ್ದರು. ಹಾಲಿನಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವದ ಕೊರತೆಯೇ ಕಾಯಿಲೆಗೆ ಕಾರಣವೆಂದು ಗುರುತಿಸಿ ಅದನ್ನು ಚುಚ್ಚುಮದ್ದಿನಲ್ಲಿ ಕೊಟ್ಟಾಗ ಮಕ್ಕಳು ಬಹುಬೇಗ ಚೇತರಿಸಿಕೊಂಡರು. ಹಿಂದೆ ಇದೇ ಪಥ್ಯ ನಡೆಸಿದ ಮನೆಗಳಲ್ಲಿ ಕುಟ್ಟಿದ ಅಕ್ಕಿ, ಜೋಳ, ರಾಗಿಗಳಲ್ಲಿ ಆ ಜೀವಸತ್ವ ಬಹುಮಟ್ಟಿಗೆ ಉಳಿಯುತ್ತಿತ್ತು. ಗಿರಣಿಯ ಬಿಳಿ ಅಕ್ಕಿ ಬಂದ ಮೇಲೆ ಪಥ್ಯದ ಪಟ್ಟಿ ಹಾಗೆಯೇ ಉಳಿದು ಅದರ ಆಧಾರ ಕುಸಿಯಿತು. ಸಂಪ್ರದಾಯವೊಂದು ತನ್ನ ಸುತ್ತಲಿನ ಧಾನ್ಯ ಬದಲಾದಾಗ ಹಾನಿಕರವಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ನೀರು ಕಡಿಮೆ ಕುಡಿದು ಅಲುಗಾಡದೆ ಮಲಗುವುದು ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದರಿಂದ, ಬಾಯಾರಿದಷ್ಟು ನೀರು ಮತ್ತು ಮೆಲ್ಲನೆಯ ಓಡಾಟವನ್ನು ವೈದ್ಯರು ಮೊದಲ ದಿನಗಳಿಂದಲೇ ಹೇಳುತ್ತಾರೆ. ಸನ್ನಿ ಎಂದು ಬೇವಿನ ಸೊಪ್ಪು ಬೀಸಿ ಬಿಡುತ್ತಿದ್ದ ಹೆರಿಗೆಯ ನಂತರದ ಮನೋರೋಗಕ್ಕೆ ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಘಟಕವನ್ನು ತೆರೆಯಿತು.

ಇದೇ ವೇಳೆಗೆ ಬಾಣಂತನದ ದುಡಿಮೆ ಮಾರುಕಟ್ಟೆಗೂ ಬಂದಿದೆ. ನಗರಗಳಲ್ಲಿ ತಾಯಿಮಗುವಿಗೆ ಎಣ್ಣೆನೀರು ಹಾಕುವ ಹೆಂಗಸರು ದಿನದ ಅಥವಾ ತಿಂಗಳ ಲೆಕ್ಕದಲ್ಲಿ ಸಂಬಳ ಪಡೆಯುತ್ತಾರೆ, ಅಂಟಿನುಂಡೆ ಮತ್ತು ಲೇಹ್ಯ ಅಂಗಡಿಯಲ್ಲಿ ಸಿಗುತ್ತವೆ. ಅಮೆರಿಕ ಮೊದಲಾದ ದೇಶಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ತವರು ಮಗಳ ಬಳಿಗೆ ವಿಮಾನದಲ್ಲಿ ಬರುತ್ತದೆ: ಪ್ರವಾಸಿ ವೀಸಾದ ಮೇಲೆ ಕೆಲವು ತಿಂಗಳು ಇರುವ ತಾಯಿ ಹೋದ ಮೇಲೆ ಅತ್ತೆ, ಎಂಬ ಸರದಿಯಲ್ಲಿ ಬಾಣಂತನ ಸಾಗುತ್ತದೆ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆಯಿದ್ದರೂ ಖಾಸಗಿ ಕ್ಷೇತ್ರದಲ್ಲಿ ಅದನ್ನು ಕಡ್ಡಾಯಗೊಳಿಸುವ ಸಾಮಾನ್ಯ ಕಾನೂನು ಇಲ್ಲದಿರುವುದರಿಂದ, ತಂದೆಯ ಪಾಲು ಇನ್ನೂ ಆತನ ಇಚ್ಛೆ ಮತ್ತು ಆತನ ಮಾಲೀಕನ ಔದಾರ್ಯಕ್ಕೆ ಬಿಟ್ಟ ವಿಷಯವಾಗಿ ಉಳಿದಿದೆ.

ಸಂಹಿತೆಗಳ ಪರಿಚಾರಿಕೆಯರಿಂದ ಹಿಡಿದು ತವರಿನ ತಾಯಿ, ಸೂಲಗಿತ್ತಿ, ಆಶಾ ಕಾರ್ಯಕರ್ತೆ, ಸಂಬಳದ ಎರೆಯುವವಳವರೆಗೆ ಹೆತ್ತವಳ ವಿಶ್ರಾಂತಿಯನ್ನು ಸಾಧ್ಯವಾಗಿಸಿದವರು ಇನ್ನೊಂದಿಷ್ಟು ಹೆಂಗಸರು. ಅವರ ಶ್ರಮಕ್ಕೆ ಸಿಕ್ಕ ಕೂಲಿ ಯಾವ ಕಾಲದಲ್ಲೂ ಅದರ ಬೆಲೆಗೆ ತಕ್ಕುದಾಗಿರಲಿಲ್ಲ. ವಾತದ ತರ್ಕ ಹೋಗಬಹುದು, ಪುರುಡು ಹೋಗಬೇಕು, ಪಥ್ಯದ ಪಟ್ಟಿಯನ್ನು ಮತ್ತೆ ಬರೆಯಬೇಕು. ಸುಶ್ರುತನ ಒಂದೂವರೆ ತಿಂಗಳು ಮತ್ತು ಕಾನೂನಿನ ಆರು ವಾರ ಒಪ್ಪಿಕೊಂಡಿರುವ ಒಂದು ಅಂಶ ಮಾತ್ರ ಉಳಿಯುತ್ತದೆ: ಅಷ್ಟು ಕಾಲ ತಾಯಿ ದುಡಿಯಬಾರದು, ಆಕೆಯ ಕೆಲಸವನ್ನು ಬೇರೆಯವರು ಹೊರಬೇಕು. ಸ್ಥಿತಿವಂತರ ಮನೆಯ ಸೌಕರ್ಯವಾಗಿ ಆರಂಭವಾದ ಈ ನಿಯಮ ಕೂಲಿಕಾರ್ತಿಯ ಮನೆಯನ್ನೂ ತಲುಪುವವರೆಗೆ, ಮನೆಯ ಗಂಡಸೂ ಅದರ ಹೊರೆಗೆ ಹೆಗಲು ಕೊಡುವವರೆಗೆ ಬಾಣಂತನದ ಇತಿಹಾಸದಲ್ಲಿ ಆಗಬೇಕಾದ ಕೆಲಸ ಬಾಕಿಯಿದೆ.